ಕಡಲಾಚೆ ಮುಯ್ಯಿ ತೀರಿಸಿದ ಹೂವಣ್ಣ ಭಾವ

ಹೂವಣ್ಣ ಭಾವ ಯಾರ ಗದ್ದೆಯ ಬದುವಿನ ಮೇಲೆ ನಡೆದರೂ ಬಗ್ಗಿ ಒಂದು ಪೈರು ಕೀಳದೆ ಮುಂದಕ್ಕೆ ಹೋದವರಲ್ಲ. ನಾವು ನಾಟಿ ಮುಗಿಸಿ ಇನ್ನೂ ಕೈಕಾಲು ತೊಳೆದಿರುತ್ತಿರಲಿಲ್ಲ, ಆಗಲೇ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದು, ಸಾಲಿನ ನಡುವಿನಿಂದ ಒಂದು ಪೈರು ಕಿತ್ತು, ಅದರ ಬೇರನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಬೇರು ಮಡಚಿಕೊಂಡಿದ್ದರೆ ಮುಗಿಯಿತು. "ಯಾರವ್ವ ಇದನ್ನ ನೆಟ್ಟೋರು? ಕೈಲಿ ನೆಟ್ರೋ ಕಾಲಲ್ಲಿ ತುಳುದ್ರೋ?" ಎಂದು ಇಡೀ ಬಯಲಿಗೆ ಕೇಳುವಂತೆ ಕೂಗಿ, ಆ ಪೈರನ್ನು ನಮ್ಮ ಮುಂದೆಯೇ ಬದುವಿನ ಮೇಲೆ ಎಸೆದು ಹೋಗುತ್ತಿದ್ದರು. ಬೇರು ನೆಟ್ಟಗಿದ್ದರೆ ಏನೂ ಹೇಳುತ್ತಿರಲಿಲ್ಲ. ಆಗಲೂ ಎಸೆದೇ ಹೋಗುತ್ತಿದ್ದರು.

ತೀರಿಹೋದವರ ವಿಷಯ ಬರೆಯುವಾಗ ಒಂದು ಒಳ್ಳೆಯ ಮಾತಿನಿಂದ ಶುರು ಮಾಡು ಎಂದು ನಮ್ಮ ಯಜಮಾನರು ಹೇಳಿದರು. ಕಾಫಿ ಕುಡಿಯುತ್ತಾ ಯೋಚಿಸಿದೆ. ಸಿಗಲಿಲ್ಲ. ಸಿಕ್ಕಿದರೆ ಮುಂದೆ ಎಲ್ಲಾದರೂ ಸೇರಿಸುತ್ತೇನೆ. ಹೂವಣ್ಣ ಭಾವ ನಮ್ಮ ಯಜಮಾನರ ದೊಡ್ಡಪ್ಪನ ಮಗ, ಹಾಗಾಗಿ ನನಗೆ ಭಾವ. ಮದುವೆಯಾಗಿ ಬಂದ ದಿನದಿಂದ ಬಹುವಚನದಲ್ಲಿ ಮಾತಾಡಿಸಿದ್ದೇನೆ. ಈಗ ಬೈಯುವುದಿದ್ದರೂ ಬಹುವಚನದಲ್ಲೇ ಬೈಯುತ್ತೇನೆ.

ಆ ಮನುಷ್ಯನಿಗೆ ಹೂವಣ್ಣ ಎಂದು ಹೆಸರಿಟ್ಟವರನ್ನು ನಾನು ನೋಡಿಲ್ಲ. ನೋಡಿದ್ದರೆ ಕೇಳುತ್ತಿದ್ದೆ. ಗಿಡ್ಡ ಆಳು, ದಪ್ಪ ಕತ್ತು, ತಲೆಗೆ ಸದಾ ಸುತ್ತಿದ ಟವೆಲು. ಮಾತೆಲ್ಲ ಜಗಳದ ದನಿಯಲ್ಲೇ. "ಊಟ ಆಯ್ತಾ?" ಎಂದು ಕೇಳಿದರೂ, ಊಟ ಮಾಡಿದ್ದು ನಮ್ಮ ತಪ್ಪೇನೋ ಎನ್ನಿಸಬೇಕು. ಹೆಂಡತಿ ಪುಟ್ಟಕ್ಕ ಕಾಫಿ ತಂದುಕೊಟ್ಟು "ಸಕ್ರೆ ಸಾಕಾ?" ಎಂದರೆ, "ಇಷ್ಟು ವರ್ಷ ಆಯ್ತು, ಇನ್ನೂ ಕೇಳ್ತೀಯಲ್ಲ" ಎಂದು ಲೋಟ ಕುಕ್ಕುವರು. ಕೇಳದೆ ಕೊಟ್ಟರೆ, "ಒಂದು ಮಾತು ಕೇಳಕ್ಕೇನು ದಾಡಿ?" ಪುಟ್ಟಕ್ಕ ನಗುತ್ತಾ ಒಳಗೆ ಹೋಗಿಬಿಡುತ್ತಿದ್ದಳು. ಆ ನಗು ಅವಳಿಗೆ ಎಲ್ಲಿಂದ ಬರುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು.

ನಮ್ಮೂರು ಇರುವುದು ಮಗ್ಗೆಯಿಂದ ಸ್ವಲ್ಪ ಒಳಗೆ. ಮೇಲೆ ಗುಡ್ಡದಲ್ಲಿ ಎಲ್ಲರದೂ ಒಂದಿಷ್ಟು ಕಾಫಿ, ಮೆಣಸು. ಕೆಳಗೆ ಬಯಲಿನಲ್ಲಿ ಎಲ್ಲರದೂ ಒಂದಿಷ್ಟು ಗದ್ದೆ. ಬತ್ತ ಬೆಳೆದರೆ ಲಾಭವಿಲ್ಲ ಎಂದು ಸುತ್ತಲ ಊರುಗಳವರು ಗದ್ದೆಗೆ ಶುಂಠಿ ಹಾಕಿದರು, ಅಡಿಕೆ ಹಾಕಿದರು, ಕೆಲವರು ಹಾಳು ಬಿಟ್ಟರು. ನಮ್ಮ ಬಯಲಿನ ಆರು ಮನೆಯವರು ಬಿಡಲಿಲ್ಲ. ಬಿಡದೆ ಇರಲು ಸಾಧ್ಯವಾದದ್ದು ಮುಯ್ಯಾಳಿನಿಂದ. ಇವತ್ತು ನಾನು ನಿಮ್ಮ ಗದ್ದೆಯಲ್ಲಿ ಒಂದು ದಿನ ನಾಟಿ ಮಾಡಿದರೆ, ನಾಳೆಯೋ ನಾಡಿದ್ದೋ ನೀವು ನನ್ನ ಗದ್ದೆಗೆ ಬಂದು ಒಂದು ದಿನ ಮಾಡಬೇಕು. ಅದೇ ಮುಯ್ಯಿ. ಕೂಲಿಯಿಲ್ಲ, ಮಧ್ಯಾಹ್ನ ಕಡುಬು, ಕೋಳಿಸಾರು ಇದೆ. ಹೊತ್ತು ಹುಟ್ಟಿದಾಗ ಇಳಿದವರು ಹೊತ್ತು ಮುಳುಗುವ ತನಕ ಗದ್ದೆಯಿಂದ ಏಳುವಂತಿಲ್ಲ. ಮುಯ್ಯಿ ಉಳಿಸಿಕೊಂಡವರನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ಕರೆಯದಿದ್ದರೆ ಅವರ ಗದ್ದೆ ಹಾಳು ಬಿತ್ತು ಎಂದೇ ಅರ್ಥ.

ಈ ಮುಯ್ಯಿಯ ವಿಷಯದಲ್ಲಿ ಭಾವ ರಾಕ್ಷಸ. ಯಾರು ಯಾರಿಗೆ ಎಷ್ಟು ದಿನ ಕೊಡಬೇಕು ಎನ್ನುವುದೆಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಒಂದು ಸಲ ಕೆಳಮನೆಯ ಬಸವಣ್ಣ, ಹಸು ಕರು ಹಾಕುತ್ತಿದೆ ಎಂದು ಮಧ್ಯಾಹ್ನಕ್ಕೇ ಎದ್ದು ಹೋದ. ಮಾರನೆಯ ದಿನ ಅವನ ಗದ್ದೆಯಲ್ಲಿ ನಾಟಿ. ಭಾವ ಸರಿಯಾಗಿ ಮಧ್ಯಾಹ್ನದವರೆಗೆ ನೆಟ್ಟು, ಊಟವನ್ನೂ ಮಾಡದೆ, ಬದುವಿನ ಮೇಲೆ ಹೋಗಿ ಕೂತುಬಿಟ್ಟರು. ಮನೆಗಾದರೂ ಹೋದರೇ? ಇಲ್ಲ. ಸಂಜೆಯವರೆಗೂ ಅಲ್ಲೇ ಕೂತು ಬಸವಣ್ಣನನ್ನೇ ನೋಡುತ್ತಿದ್ದರು. "ನಿನ್ ಹಸ ಕರ ಹಾಕ್ತು. ನಂಗೇನು ಹಾಲು ಕೊಟ್ಯಾ?" ಎಂದಷ್ಟೇ ಹೇಳಿದ್ದು. ಆದರೆ ಇನ್ನೊಂದನ್ನೂ ಹೇಳಬೇಕು: ಜ್ವರದಲ್ಲಿ ನಡುಗುತ್ತಾ ಬಂದು ಮುಯ್ಯಿ ತೀರಿಸಿ ಹೋದದ್ದನ್ನೂ ನಾನು ನೋಡಿದ್ದೇನೆ. ನಮ್ಮ ಯಜಮಾನರು ಕೇಳಿದ ಒಳ್ಳೆಯ ಮಾತು ಇದೇ ಇರಬಹುದು.

ಇಂಥ ಊರಿಗೆ ಸಹಕಾರ ಬಂತು. ಹೊರದೇಶದ ಸರ್ಕಾರವೊಂದು ನಮ್ಮ ಸರ್ಕಾರದ ಜೊತೆ ಕೃಷಿ ಮತ್ತು ಆಹಾರ ಭದ್ರತೆಯ ಒಪ್ಪಂದ ಮಾಡಿಕೊಂಡಿತ್ತಂತೆ. ಯಾವ ದೇಶ ಎಂದು ಬರೆಯುವುದಿಲ್ಲ. ಅವರು ನಮಗೆ ಕೆಟ್ಟದ್ದೇನೂ ಮಾಡಲಿಲ್ಲ, ನಮ್ಮ ಮನೆಜಗಳದಲ್ಲಿ ಅವರ ಹೆಸರೇಕೆ? ಕಡಿಮೆ ನೀರಿನಲ್ಲಿ, ಹಗ್ಗ ಹಿಡಿದು ಸಾಲಾಗಿ, ಎಳೆಯ ಪೈರನ್ನು ದೂರದೂರ ನೆಡುವ ವಿಧಾನವನ್ನು ಕೆಲವು ಊರುಗಳಲ್ಲಿ ಮಾಡಿ ತೋರಿಸುವುದು ಅವರ ಕೆಲಸ. ಬಿಳಿ ಜೀಪು ಬಂತು, ಬೋರ್ಡು ಬಂತು, ಹಾಸನದಿಂದ ಪ್ರದೀಪ್ ಎನ್ನುವ ಸಂಯೋಜಕರು ಬಂದರು. ಜೊತೆಗೆ ಆ ದೇಶದ ಮಾರ್ತಾ ಎನ್ನುವ ಹೆಂಗಸು. ಎತ್ತರದ ಆಳು, ಮುಖವೆಲ್ಲ ಬಿಸಿಲಿಗೆ ಕೆಂಪು. ಅವಳ ಮಾತನ್ನು ಪ್ರದೀಪ್ ನಮಗೆ ಹೇಳುವುದು, ನಮ್ಮ ಮಾತನ್ನು ಅವಳಿಗೆ ಹೇಳುವುದು.

ಮೊದಲ ಸಭೆ ಶಾಲೆಯ ಜಗಲಿಯಲ್ಲಿ. ಪ್ರದೀಪ್ ಬಹಳ ಚೆನ್ನಾಗಿ ಮಾತಾಡಿದರು. ಜಗತ್ತಿನಲ್ಲಿ ಹಸಿವು, ಹವಾಮಾನ, ದೇಶ ದೇಶಗಳು ಕೈ ಜೋಡಿಸಬೇಕು, ಇತ್ಯಾದಿ. ನಾವೆಲ್ಲ ತಲೆಯಾಡಿಸುತ್ತಿದ್ದೆವು. ಭಾವ ಎದ್ದರು.

"ನೀವು ಬೀಜ ಕೊಡ್ತೀರಿ, ಗೊಬ್ರ ಕೊಡ್ತೀರಿ, ಬಂದು ಹೇಳ್ಕೊಡ್ತೀರಿ. ಸರಿ. ನಾವೇನು ಕೊಡ್ಬೇಕು?"

"ನೀವೇನೂ ಕೊಡಬೇಕಾಗಿಲ್ಲ ಯಜಮಾನ್ರೇ. ಇದು ಸಹಕಾರ" ಎಂದರು ಪ್ರದೀಪ್.

"ಏನೂ ಕೊಡಂಗಿಲ್ವಾ? ಹಂಗಾದ್ರೆ ನಾವೇನು ತಟ್ಟೆ ಇಟ್ಕಂಡು ಕೂತಿದ್ದೀವಾ? ಒಂದ್ಕಡೆಯಿಂದ ಕೊಡೋದುಕ್ಕೆ ಸಹಕಾರ ಅಂತಾರೇನ್ರಿ ನಿಮ್ಮ ಹಾಸನದಾಗೆ?"

ಪ್ರದೀಪ್ ಪೆಚ್ಚಾಗಿ ನಕ್ಕರು. ಮಾರ್ತಾ ಏನೆಂದು ಕೇಳಿದಳು. ಅವರು ಏನು ಹೇಳಿದರೋ, ಅವಳು ಭಾವನ ಕಡೆ ತಿರುಗಿ ಕೈ ಮುಗಿದಳು. ಭಾವ ಮುಖ ಆ ಕಡೆ ತಿರುಗಿಸಿಕೊಂಡರು.

ಪ್ರಾತ್ಯಕ್ಷಿಕೆಗೆ ಭಾವನ ಗದ್ದೆಯೇ ಆಯ್ಕೆಯಾಯಿತು. ರಸ್ತೆಯ ಪಕ್ಕ ಇರುವುದು ಅದೊಂದೇ, ಜೀಪು ನಿಲ್ಲಿಸಲು ಅನುಕೂಲ. ನಾಟಿಯ ದಿನ ಆರು ಮನೆಯವರೂ ಇಳಿದೆವು. ಅಧಿಕಾರಿಗಳು ಬದುವಿನ ಮೇಲೆ ಕೊಡೆ ಹಿಡಿದು ನಿಂತರು. ಮಾರ್ತಾ ಪ್ಯಾಂಟು ಮಡಚಿ ಕೆಸರಿಗೆ ಇಳಿದಳು. ಫೋಟೋ ತೆಗೆಸಿಕೊಂಡು ಹತ್ತುತ್ತಾಳೆ ಎಂದುಕೊಂಡೆವು. ಹತ್ತಲಿಲ್ಲ. ಭಾವ ಮೇಲಿಂದ, "ಹಗ್ಗ ಹಿಡ್ಕಂಡು ನೆಡಕ್ಕೆ ಇದೇನು ರಸ್ತೆ ಅಳೆಯೋದಾ?" ಎಂದು ಕೂಗುತ್ತಲೇ ಇದ್ದರು. ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅದೊಂದು ಪುಣ್ಯ. ಜಿಗಣೆ ಹತ್ತಿದರೆ ಕಿತ್ತು ಎಸೆದಳು. ಮಳೆ ಬಂತು, ಅಧಿಕಾರಿಗಳು ಜೀಪು ಸೇರಿದರು, ಅವಳು ಮಾತ್ರ ನಮ್ಮ ಸಾಲಿನಲ್ಲೇ ಬಗ್ಗಿದ್ದಳು. ಮಧ್ಯಾಹ್ನ ನಮ್ಮ ಜೊತೆ ಕೂತು ಕಡುಬನ್ನು ಸಾರಿನಲ್ಲಿ ಅದ್ದಿ ತಿಂದು, ಮತ್ತೆ ಇಳಿದು, ಹೊತ್ತು ಮುಳುಗುವ ತನಕ ನೆಟ್ಟಳು. ಸಂಜೆ ಭಾವ ತಮ್ಮ ಅಭ್ಯಾಸದಂತೆ ಅವಳ ಸಾಲಿಗೆ ಹೋಗಿ ಒಂದು ಪೈರು ಕಿತ್ತರು, ಬೇರು ನೋಡಿದರು. ಎಸೆಯಲಿಲ್ಲ. ಬಗ್ಗಿ ಅದನ್ನು ಅಲ್ಲೇ ನೆಟ್ಟರು. ಇಷ್ಟು ವರ್ಷದಲ್ಲಿ ನನ್ನ ಒಂದು ಪೈರಿಗೂ ಆ ಭಾಗ್ಯ ಸಿಕ್ಕಿರಲಿಲ್ಲ. ನನಗೆ ಅವತ್ತೇ ಹೊಟ್ಟೆ ಉರಿಯಿತು.

ಜೀಪು ಹೊರಡುವ ಹೊತ್ತಿಗೆ ಭಾವ ಪ್ರದೀಪರ ತೋಳು ಹಿಡಿದು ನಿಲ್ಲಿಸಿದರು.

"ಆ ಯಮ್ಮನ್ನ ಕೇಳಿ. ಅವ್ರ ಊರಲ್ಲಿ ನಾಟಿ ಯಾವಾಗ?"

"ಯಾಕೆ ಯಜಮಾನ್ರೇ?"

"ಯಾಕೆ ಅಂದ್ರೆ? ಒಂದಿನ ಪೂರ್ತಿ ನನ್ನ ಗದ್ದೇಲಿ ಕೆಲ್ಸ ಮಾಡವ್ರೆ. ಮುಯ್ಯಿ ತೀರಿಸ್ಬೇಕಲ್ಲ."

ಜೀಪಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಾರ್ತಾ ಮಾತ್ರ ನಗಲಿಲ್ಲ. ತಮ್ಮಲ್ಲಿ ಬತ್ತವಿಲ್ಲ, ತನ್ನ ಅಣ್ಣನಿಗೆ ಆಲೂಗಡ್ಡೆ ಹೊಲವಿದೆ, ನಿಮಗೆ ನಾಟಿಯ ಕಾಲ ಬಂದಾಗಲೇ ನಮಗೆ ಗೆಡ್ಡೆ ಕೀಳುವ ಕಾಲ ಎಂದು ವಿವರವಾಗಿ ಹೇಳಿದಳು. ಭಾವ ಕೇಳಿಸಿಕೊಂಡು, "ಸರಿ, ಬತ್ತೀನಿ ಅಂತ ಹೇಳಿ" ಎಂದರು. ಆಲೂರಿಗೆ ಸಂತೆಗೆ ಹೋಗಿಬರುತ್ತೇನೆ ಎಂದಷ್ಟೇ ಸಲೀಸಾಗಿ!

ಆಮೇಲೆ ಒಂದು ವರ್ಷ ಪ್ರದೀಪರಿಗೆ ನೆಮ್ಮದಿಯಿರಲಿಲ್ಲ. ಜೀಪು ಬಂದಾಗಲೆಲ್ಲ ಭಾವ ಅಡ್ಡ ನಿಲ್ಲುವರು. "ನನ್ನ ಯಾವಾಗ ಕಳಿಸ್ತೀರಿ?" ರೈತರನ್ನು ಆ ದೇಶಕ್ಕೆ ಕಳಿಸುವ ಏರ್ಪಾಡು ಯೋಜನೆಯಲ್ಲಿ ಮೊದಲೇ ಇತ್ತಂತೆ, ಆದರೆ ಅದಕ್ಕೆ ಓದಿದವರನ್ನು, ನಯವಾಗಿ ಮಾತಾಡುವವರನ್ನು ಆರಿಸುವ ಯೋಚನೆ. ಭಾವ ನಯವೆಂದರೇನು ಎಂದು ಕೇಳುವ ಪೈಕಿ. ಕೊನೆಗೆ ಮಾರ್ತಾ ಅಲ್ಲಿಂದಲೇ, ಹೂವಣ್ಣನವರನ್ನು ಕಳಿಸಲೇಬೇಕು ಎಂದು ಹೇಳಿದಳಂತೆ. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸರು "ಹೊರದೇಶಕ್ಕೆ ಯಾಕೆ ಹೋಗ್ತಿದ್ದೀರಿ?" ಎಂದರೆ, "ಕೂಲಿ ಇಲ್ದೆ ಕೆಲ್ಸ ಮಾಡಕ್ಕೆ" ಎಂದು ಭಾವ ಉತ್ತರ ಕೊಟ್ಟರು. ಆ ಪೊಲೀಸರಿಗೆ ಅರ್ಥ ಮಾಡಿಸಲು ಪ್ರದೀಪ್ ಹಾಸನದಿಂದ ಓಡಿಬರಬೇಕಾಯಿತು.

ಇಲ್ಲಿಯವರೆಗೆ ನಾನೂ ಊರಿನವರ ಜೊತೆ ನಕ್ಕಿದ್ದೇನೆ. ಇನ್ನು ಮುಂದೆ ನಗು ಬರುವುದಿಲ್ಲ.

ಆ ವರ್ಷ ನಮ್ಮ ಯಜಮಾನರು ಮೆಣಸು ಕೊಯ್ಯುವಾಗ ಬಳ್ಳಿ ಹಬ್ಬಿದ ಸಿಲ್ವರ್ ಮರದಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದರು. ಮಳೆಗಾಲ ಹಿಡಿದರೂ ಮಂಚ ಬಿಟ್ಟು ಎದ್ದಿರಲಿಲ್ಲ. ಮಗ್ಗುಲು ಬದಲಿಸಲೂ ನಾನೇ ಬೇಕು. ಗದ್ದೆ ಬಿಟ್ಟುಬಿಡೋಣ ಎಂದರು ಅವರು. ಬಿಟ್ಟರೆ ವರ್ಷವಿಡೀ ಉಣ್ಣುವುದೇನು? ಮುಯ್ಯಾಳಿದೆ, ನೋಡಿಕೊಳ್ಳುತ್ತೇನೆ ಎಂದೆ. ಸರದಿ ನಿಶ್ಚಯವಾಯಿತು. ಜೀಪಿನವರು ಬರುತ್ತಾರೆ ಎಂದು ಭಾವನ ಗದ್ದೆ ಮೊದಲು, ಆಮೇಲೆ ನಮ್ಮದು. ಬಯಲಿನಲ್ಲಿ ಟಿಲ್ಲರ್ ಇದ್ದದ್ದು ಭಾವನದೊಂದೇ. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ನಮ್ಮ ಗದ್ದೆಯನ್ನು ಉತ್ತು ಮಟ್ಟ ಮಾಡಿಕೊಡುವುದೂ ಅವರೇ, ನಾಟಿಗೆ ಇಳಿಯುವುದೂ ಅವರೇ ಎಂದು ಮಾತಾಗಿತ್ತು.

ಭಾವನ ಗದ್ದೆಗೆ ನಾನು ಹೋದೆ. ಯಜಮಾನರಿಗೆ ನೀರು ಕೊಡಲು ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿ, ಇಡೀ ದಿನ ಬಗ್ಗಿ ನೆಟ್ಟೆ. ಸಂಜೆ ಭಾವ ಬಂದು ನನ್ನ ಸಾಲಿನಿಂದ ಒಂದು ಪೈರು ಕಿತ್ತು ಎಸೆದರು. ಏನೂ ಹೇಳಲಿಲ್ಲ. ಅಂದರೆ ಸರಿಯಾಗಿತ್ತು.

ನಮ್ಮ ನಾಟಿಯ ದಿನ ಬೆಳಗಿನ ಜಾವವೇ ಎದ್ದು ಕಡುಬಿಗೆ ಹಿಟ್ಟು ತೊಳಸಿದೆ, ಕೋಳಿ ಮಾಡಿಸಿದೆ. ಬೆಳಗಾಯಿತು. ಟಿಲ್ಲರ್ ಸದ್ದಿಲ್ಲ. ಭಾವನ ಮನೆಗೆ ಓಡಿದರೆ ಪುಟ್ಟಕ್ಕ ಬಾಗಿಲಲ್ಲಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಟಿಕೆಟ್ಟಿನ ದಿನ ಮೊದಲೇ ಬಂದುಬಿಟ್ಟಿತಂತೆ, ರಾತ್ರಿಯೇ ಜೀಪು ಬಂದು ಕರೆದುಕೊಂಡು ಹೋಯಿತಂತೆ. "ನಿಂಗೆ ಹೇಳ್ಬಿಟ್ಟು ಹೋಗಿ ಅಂದೆ ಕಣವ್ವ. ಬಂದ್ಮೇಲೆ ನೋಡ್ಕಂಡ್ರಾಯ್ತು ಅಂದ್ಬುಟ್ಟು ಹೋಗ್ಬುಟ್ರು" ಎಂದಳು. ಒಂದು ಮಾತು! ಬದು ದಾಟಿದರೆ ನಮ್ಮ ಮನೆ. ಒಂದು ಮಾತು ಹೇಳಿ ಹೋಗಲಿಲ್ಲ ಆ ಮನುಷ್ಯ.

ಉಳುಮೆಯಾಗದ ಗದ್ದೆಯಲ್ಲಿ ನಾಟಿ ಏನು ಮಾಡುವುದು? ಉಳಿದ ಮನೆಯವರು ಬಂದು ನಿಂತು ನೋಡಿದರು, ಅಯ್ಯೋ ಎಂದರು, ಸರದಿಯಲ್ಲಿ ಮುಂದಿದ್ದ, ಎತ್ತು ಕಟ್ಟಿ ಉತ್ತಿಟ್ಟಿದ್ದ ಗದ್ದೆಗೆ ಹೋದರು. ಅವರನ್ನು ದೂರುವುದಿಲ್ಲ. ಅವರ ಪೈರೂ ಕಾಯುತ್ತಿತ್ತು. ಬಸವಣ್ಣ ಯಸಳೂರು ಕಡೆಯಿಂದ ಬಾಡಿಗೆ ಟಿಲ್ಲರ್ ತರಿಸುವಷ್ಟರಲ್ಲಿ ಎಂದೂ ಇಲ್ಲದಂಥ ಪುಷ್ಯ ಮಳೆ ಹಿಡಿದು ಬಯಲೆಲ್ಲ ನೀರು. ನೀರಿಳಿದು ನಾಟಿ ಮಾಡುವ ಹೊತ್ತಿಗೆ ಸಸಿಮಡಿಯಲ್ಲಿ ಪೈರು ಬಲಿತು ಗಂಟು ಬಂದಿತ್ತು. ಆದರೂ ನೆಟ್ಟೆ. ತೆನೆಯೇನೋ ಬಂತು, ಬಡಿದರೆ ಹಾರಿಹೋಗುವ ಜೊಳ್ಳು. ಆ ವರ್ಷ ನಾವು ಉಂಡದ್ದು ರೇಷನ್ ಅಕ್ಕಿ. ಮುಗಿದಾಗ ತವರಿಗೆ ಹೋಗಿ ಚೀಲ ಹೊತ್ತು ತಂದೆ. ತವರಿನ ಅಂಗಳದಲ್ಲಿ ಅಕ್ಕಿಗೆ ನಿಲ್ಲುವುದು ಎಂಥದ್ದು ಎಂದು ನಿಂತವರಿಗೇ ಗೊತ್ತು. ಜಗತ್ತಿನ ಆಹಾರ ಭದ್ರತೆಗೆ ಹೋದವರು ನನ್ನ ಮನೆಯ ಅನ್ನ ಕಿತ್ತುಕೊಂಡು ಹೋದರು. ಇದನ್ನು ನಾನು ಕೋಪದಲ್ಲಿ ಬರೆಯುತ್ತಿಲ್ಲ. ಇಲ್ಲ, ಕೋಪದಲ್ಲೇ ಬರೆಯುತ್ತಿದ್ದೇನೆ.

ಭಾವ ಎರಡು ವಾರ ಬಿಟ್ಟು ಬಂದರು. ಶಾಲೆಯ ಜಗಲಿಯಲ್ಲಿ ಸನ್ಮಾನ. ಶಾಲು, ಹಾರ, ಪ್ರದೀಪರ ಭಾಷಣ. ಆಮೇಲೆ ಭಾವ ಮಾತಿಗೆ ನಿಂತರು. ಅವರು ಬೈಯದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅಲ್ಲಿ ಆಲೂಗಡ್ಡೆ ಕೀಳಕ್ಕೆ ಮಿಷನ್ ಐತೆ ಮಾರಾಯ, ಮನೆಯಷ್ಟು ದೊಡ್ಡದು. ಒಬ್ಬ ಮೇಲೆ ಕೂತ್ರೆ ಆಯ್ತು, ಹೊಲ ಖಾಲಿ. ನಿಮಗೆ ಕೆಲ್ಸ ಇಲ್ಲ, ಕೂತ್ಕಳಿ ಅಂದ್ರು ಆ ಯಮ್ಮನ ಅಣ್ಣ. ಕೂತ್ಕಳಕ್ಕಾ ಅಷ್ಟು ದೂರ ಹೋಗಿದ್ದು? ಮಿಷನ್ ಹಿಂದೆ ಹೋಗಿ, ಅದು ಬಿಟ್ಟ ಗೆಡ್ಡೆ ಎಲ್ಲ ಆಯಕ್ಕೆ ಹಿಡಿದೆ. ಬೆಳಿಗ್ಗೆ ಇಳಿದೋನು. ಹೊತ್ತು ಮುಳುಗ್ಲಿ, ಎದ್ರಾಯ್ತು ಅಂದ್ಕಂಡೆ. ಅಲ್ಲಿ ಹೊತ್ತೇ ಮುಳುಗಲ್ಲ ಕಣ್ರೋ! ಊಟಕ್ಕೆ ಕರೆದ್ರು, ಮಲಗಕ್ಕೆ ಕರೆದ್ರು, ಸೂರ್ಯ ಅಲ್ಲೇ ನಿಂತವ್ನೆ. ಮುಯ್ಯಿ ಅಂದ್ಮೇಲೆ ನಡುವೆ ಏಳಕ್ಕಾಯ್ತದಾ? ಸೊಂಟ ಬಿದ್ದೋಯ್ತು. ಆ ಯಮ್ಮ ಬಂದು ಪಕ್ಕದಲ್ಲಿ ಕೂತು ತಾನೂ ಗೆಡ್ಡೆ ಆಯಕ್ಕೆ ಹಿಡಿದ್ಲು. ಅಂತೂ ಮುಳುಗ್ದ. ತೀರ್ತು."

ಜಗಲಿಯೆಲ್ಲ ಚಪ್ಪಾಳೆ. ಪ್ರದೀಪ್ ಕಣ್ಣೊರೆಸಿಕೊಂಡರು. ಇದೇ ನಿಜವಾದ ಸಹಕಾರ, ಎರಡು ದೇಶಗಳ ನಡುವಿನ ಗೌರವ ಎಂದೆಲ್ಲ ಹೇಳಿದರು. ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ.

"ನಂದು, ಭಾವ?"

ಚಪ್ಪಾಳೆ ನಿಂತಿತು.

"ಏನು ನಿಂದು?"

"ನಾನೂ ನಿಮ್ಮ ಗದ್ದೇಲಿ ಒಂದು ದಿನ ನೆಟ್ಟಿದ್ದೆ. ಮುಯ್ಯಿ."

ಭಾವನ ಮುಖ ಕೆಂಪಾಯಿತು. "ನಿಂದೆಲ್ಲೋಗ್ತೈತವ್ವ? ನೀನು ನಮ್ಮೋಳು, ಇಲ್ಲೇ ಇರ್ತೀಯ. ಮುಂದಿನ ವರ್ಷ ತೀರುಸ್ತೀನಿ. ಅವ್ರು ನಾಳೆ ಸಿಕ್ತಾರಾ?"

"ನಮ್ಮೋರಿಗೆ ಹೊಟ್ಟೆ ಹಸಿಯೋದೂ ಮುಂದಿನ ವರ್ಷವೇನಾ ಭಾವ?"

ತಪ್ಪಾಯಿತು ಎನ್ನಲಿಲ್ಲ ಭಾವ. ಹಾರವನ್ನು ಕುರ್ಚಿಯ ಮೇಲೆ ಬಿಸಾಕಿ ಮನೆಗೆ ಹೋದರು.

ಮುಂದಿನ ವರ್ಷದಿಂದ ನಾನು ಮುಯ್ಯಾಳು ಬಿಟ್ಟೆ. ಆ ಹೊತ್ತಿಗೆ ಯಜಮಾನರು ಎದ್ದು ಓಡಾಡುತ್ತಿದ್ದರು. ಹೊಂಗಡಹಳ್ಳ ಕಡೆಯ ಎಸ್ಟೇಟಿನ ಲೈನ್‌ಮನೆಗಳಿಂದ ಕೂಲಿಯವರನ್ನು ಕರೆಸಿ, ಸಂಬಳ ಕೊಟ್ಟು ನಾಟಿ ಮಾಡಿಸಿದೆ. ಬೆಳಿಗ್ಗೆ ನೋಡಿದರೆ ಭಾವ ಟವೆಲು ಬಿಗಿದು ನಮ್ಮ ಬದುವಿನ ಮೇಲೆ ಹಾಜರು.

"ಏನು ಭಾವ ಬಂದಿದ್ದು?"

"ಮುಯ್ಯಿ ತೀರಿಸಕ್ಕೆ."

"ನಾನು ಕರೆದಿಲ್ಲವಲ್ಲ."

ಕರೆಯದ ಗದ್ದೆಗೆ ಇಳಿಯುವಂತಿಲ್ಲ, ಅದು ನಮ್ಮ ಬಯಲಿನ ರೂಢಿ. ಇಳಿದರೆ ಮುಯ್ಯಿ ತೀರಿದ ಹಾಗಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಳಿಯಲಿಲ್ಲ, ಹೋಗಲೂ ಇಲ್ಲ. ಸಂಜೆಯವರೆಗೆ ಬದುವಿನ ಮೇಲೆ ನಿಂತು ಕೂಲಿಯವರನ್ನು ಬೈದರು. "ಇದೇನು ನಾಟಿನಾ, ಕೋಳಿ ಕೆದರಿದಂಗೈತೆ!" ಅವರಲ್ಲಿ ಅರ್ಧ ಜನ ಅಸ್ಸಾಮಿನ ಕಡೆಯವರು. ಈ ಮುದುಕ ಯಾರು, ಯಾಕೆ ಕೂಗುತ್ತಿದ್ದಾನೆ ಎಂದು ನನ್ನನ್ನು ಕೇಳುತ್ತಿದ್ದರು. ಅದರ ಮರುವರ್ಷವೂ ಬಂದರು, ಅದರಾಚೆಯ ವರ್ಷವೂ. ನಾನು ಕರೆಯಲಿಲ್ಲ. ಯಜಮಾನರು "ಸಾಕು ಬಿಡೇ, ವಯಸ್ಸಾದೋರು" ಎನ್ನುತ್ತಿದ್ದರು. ನಾನು ಬಿಡಲಿಲ್ಲ. ಮುಯ್ಯಿ ಉಳಿಸಿಕೊಂಡವರು ಎಂಬ ಹೆಸರು ಹೊತ್ತು ಹೂವಣ್ಣ ಭಾವ ಊರಿನಲ್ಲಿ ನಡೆಯಬೇಕು, ನಾನು ಅದನ್ನು ನೋಡಬೇಕು. ಅವರ ಗಂಟಲಿಗೆ ಅನ್ನ ಇಳಿಯಬಾರದು, ನನಗೆ ಇಳಿಯದ ಹಾಗೆ. ನನಗೆ ಅದರಲ್ಲಿ ಎಂಥ ಸುಖ ಸಿಗುತ್ತಿತ್ತು ಎಂದು ಹೇಳಿದರೆ ನೀವು ನನ್ನನ್ನು ಕೆಟ್ಟವಳು ಎನ್ನುತ್ತೀರಿ. ಎನ್ನಿ.

ಯೋಜನೆ ಮುಗಿಯಿತು. ಜೀಪು ಬರುವುದು ನಿಂತಿತು. ಬೋರ್ಡನ್ನು ಯಾರೋ ದನದ ಕೊಟ್ಟಿಗೆಗೆ ಮರೆ ಮಾಡಿಕೊಂಡರು. ಸಾಲುನಾಟಿಯನ್ನು ಭಾವ ಬಿಡಲಿಲ್ಲ. ಹಗ್ಗವನ್ನು ಬೈಯುತ್ತಲೇ ಹಗ್ಗ ಹಿಡಿದು ನೆಡುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಅವರಿಗೆ ಉಸಿರಿನ ತೊಂದರೆ ಹೆಚ್ಚಾಯಿತು. ಸಕಲೇಶಪುರದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಕಳಿಸಿದರು ಎಂದರೆ ಅರ್ಥ ಎಲ್ಲರಿಗೂ ಗೊತ್ತು. ಒಂದು ಬೆಳಿಗ್ಗೆ ಪುಟ್ಟಕ್ಕ ನಮ್ಮ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು.

"ಒಂದ್ಸಲ ಬಂದು ತೀರ್ತು ಅಂದ್ಬುಡು ಕಮಲ. ಒಂದು ಮಾತು ಅಂದ್ರೆ ಸಾಕು. ನಿದ್ದೆಗಣ್ಣಲ್ಲೂ ಕಮಲನ ಗದ್ದೆ, ಕಮಲನ ಗದ್ದೆ ಅಂತಾರೆ."

ಹೋದೆ. ತೀರಿತು ಎಂದು ಹೇಳಿ ಬರೋಣ ಎಂದೇ ಹೋದೆ. ಭಾವ ನಡುಮನೆಯಲ್ಲಿ ದಿಂಬಿಗೆ ಒರಗಿದ್ದರು. ದಪ್ಪ ಕತ್ತು ಕರಗಿ ನರಗಳೆಲ್ಲ ಕಾಣುತ್ತಿದ್ದವು. ಪಕ್ಕದಲ್ಲಿ ಕೂತೆ. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವರೇ ಬಾಯಿಬಿಟ್ಟರು. ಒಂದೊಂದು ಮಾತಿಗೂ ಉಸಿರೆಳೆಯುತ್ತಾ,

"ಅವತ್ತು ನಾನು ಇದ್ದಿದ್ರೂ... ನಿನ್ ಗದ್ದೆ ಬೆಳೀತಿರ್ಲಿಲ್ಲ. ನಿನ್ ಸಸಿಮಡಿನೇ ಸರಿ ಇರ್ಲಿಲ್ಲ" ಎಂದರು.

ದೇವರೇ! ಸಾಯುವಾಗಲೂ! ನನ್ನ ಮೈಯೆಲ್ಲ ಉರಿದುಹೋಯಿತು. ತೀರಿತು ಎನ್ನುವ ಮಾತನ್ನು ಅಲ್ಲೇ ಬಿಟ್ಟೆ.

"ಹಂಗಾದ್ರೆ ಈ ವರ್ಷ ನೀವೇ ಬಂದು ಸರಿಯಾಗಿ ಮಾಡಿಕೊಡಿ" ಎಂದೆ. "ಪುಷ್ಯ ಮಳೆಗೆ ನಾಟಿ. ಕರೀತಾ ಇದೀನಿ ಭಾವ. ಬರ್ಬೇಕು."

ಪುಟ್ಟಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ನನ್ನನ್ನು 'ಕರೀತಿದ್ದಾಳಾ, ಆಡಿಕೊಳ್ತಿದ್ದಾಳಾ' ಎನ್ನುವ ಹಾಗೆ ನೋಡಿದರು. ನನಗೂ ಗೊತ್ತಿರಲಿಲ್ಲ. ಆಮೇಲೆ ತಲೆದಿಂಬಿನ ಹತ್ತಿರ ಇದ್ದ ಟವೆಲನ್ನು ಎಳೆದು ಎದೆಯ ಮೇಲೆ ಇಟ್ಟುಕೊಂಡರು.

"ಕರೆದ್ಯಲ್ಲ. ಬತ್ತೀನಿ ಬುಡು."

ಮಳೆಗಾಲ ಹಿಡಿಯುವ ಮೊದಲೇ ಹೋದರು. ನಾನು ಅಳಲಿಲ್ಲ. ತಿಥಿಯ ಊಟಕ್ಕೆ ಹೋದೆ, ಬಡಿಸಿದೆ, ಬಂದೆ.

ಪುಷ್ಯ ಮಳೆಗೆ ನಮ್ಮ ನಾಟಿ. ಕೂಲಿಯವರಿಗೆ ಹೇಳಿ ಕಳಿಸಿರಲಿಲ್ಲ. ಆ ವರ್ಷ ನಾನು ಕರೆದದ್ದು ಭಾವನೊಬ್ಬರನ್ನೇ. ನಾವಿಬ್ಬರೇ ಇಳಿದೆವು. ಇಷ್ಟು ಗದ್ದೆಗೆ ಇಬ್ಬರು ಯಾವ ಮೂಲೆಗೆ? ಆದರೂ ಇಳಿದೆವು. ಒಂದು ಸಾಲು ಮುಗಿದಿರಲಿಲ್ಲ, ಪುಟ್ಟಕ್ಕ ಬದುವಿನ ಮೇಲೆ ಬಂದು ನಿಂತಳು. ತಲೆಗೆ ಟವೆಲು ಕಟ್ಟಿದ್ದಳು, ಸೀರೆ ಎತ್ತಿ ಸಿಕ್ಕಿಸಿದ್ದಳು.

"ಅವ್ರ ಮುಯ್ಯಿ ಇತ್ತಲ್ಲವ್ವ" ಎಂದಳು. "ನೀನು ಕರೆದಿದ್ದೆ. ಅವ್ರ ಬದ್ಲು ನಾನು ತೀರಿಸ್ತೀನಿ."

ನಾನು ಸೊಂಟ ನೆಟ್ಟಗೆ ಮಾಡಿ ನಿಂತೆ. ಅವತ್ತಿನವರೆಗೆ ಬಾರದ ಅಳು ಆಗ ಬಂತು, ಕೈಯೆಲ್ಲ ಕೆಸರು, ಒರೆಸಿಕೊಳ್ಳಲೂ ಆಗಲಿಲ್ಲ.

"ಬಾ ಅಕ್ಕ, ಇಳಿ" ಎಂದೆ. "ಇವತ್ತು ನೀನು ನೆಡೋದು ನಿನ್ನ ಲೆಕ್ಕ. ನಾಳೆ ನಾನು ನಿನ್ನ ಗದ್ದೆಗೆ ಬರ್ತೀನಿ. ಅವರದ್ದು ನೀನು ತೀರಿಸೋ ಹಾಗಿಲ್ಲ. ಅವರು ಬರ್ತೀನಿ ಅಂದವ್ರೆ, ಅವರೇ ಬರ್ಲಿ."